ಹಕ್ಕಲು

ದಾನದ ವಿಷಯದಲ್ಲಿ ನಮ್ಮ ಹಿರಿಯರು ಹೇಳಿಟ್ಟ ಮಾತುಗಳೆಲ್ಲ ಹೆಚ್ಚಾಗಿ ಕೊಡುವವನನ್ನು ಕುರಿತವು. ಕೊಟ್ಟವನಿಗೆ ಎಷ್ಟು ಪುಣ್ಯ ಬಂತು, ಅವನ ಹೆಸರು ಎಷ್ಟು ಕಾಲ ಉಳಿಯಿತು, ಎಷ್ಟು ತಲೆಮಾರು ಉದ್ಧಾರವಾಯಿತು ಎಂಬುದಕ್ಕೆಲ್ಲ ಲೆಕ್ಕವಿದೆ. ತೆಗೆದುಕೊಂಡವನಿಗೆ ಆ ರಾತ್ರಿ ಉಂಡ ಮೇಲೆ ನಿದ್ದೆ ಬಂತೋ ಇಲ್ಲವೋ ಎಂಬುದನ್ನು ಯಾರೂ ವಿಚಾರಿಸಿದಂತಿಲ್ಲ. ಹಸಿವು ಹೋಗುವುದು ಒಂದು ಸಂಗತಿ. ಹಸಿವು ಹೋಗಬೇಕಾದರೆ ಇನ್ನೊಬ್ಬರ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗುವುದು ಇನ್ನೊಂದು. ಮೊದಲನೆಯದಕ್ಕೆ ಎರಡು ರೊಟ್ಟಿ ಸಾಕು. ಎರಡನೆಯದಕ್ಕೆ ಮದ್ದು ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ.

ಆ ಮದ್ದನ್ನು ನಾನು ಮೊದಲು ಕಂಡದ್ದು ಶಲವಡಿಯ ಎರೆಹೊಲಗಳಲ್ಲಿ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಗಳ ಸೀಮೆಯನ್ನು ನೋಡದವರಿಗಾಗಿ ಎರಡು ಮಾತು ಹೇಳಬೇಕು. ಅಲ್ಲಿ ಕಾಡಿಲ್ಲ; ಕಣ್ಣು ಹಾಯುವ ತನಕ ಕರಿಯ ಬಯಲು. ಮಳೆ ಬಿದ್ದರೆ ಆ ಮಣ್ಣು ಕಾಲು ಹಿಡಿದುಕೊಂಡು ಬಿಡಲೊಲ್ಲದು. ಮಳೆ ಹೋದರೆ ಅದೇ ಮಣ್ಣು ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಬೆಳೆದರೆ ಭೂತಾಯಿ ಮೊರ ತುಂಬಿ ಕೊಡುತ್ತಾಳೆ, ಇಲ್ಲದಿದ್ದರೆ ಬೀಜವನ್ನೂ ನುಂಗುತ್ತಾಳೆ. ಹಿಂಗಾರಿಯ ಬಿಳಿಜೋಳ ಕೊಯ್ದು, ತೆನೆ ಮುರಿದು, ಕಣಕ್ಕೆ ಸಾಗಿಸಿದ ಮೇಲೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಬಿದ್ದಿರುತ್ತದೆ. ಅದಕ್ಕೆ ಹಕ್ಕಲು ಎನ್ನುತ್ತಾರೆ. ಅದನ್ನು ಆಯ್ದುಕೊಳ್ಳಲು ಬಡವರು, ವಿಧವೆಯರು, ಮುದುಕಿಯರು ಉಡಿ ಕಟ್ಟಿಕೊಂಡು ಬರುತ್ತಿದ್ದರು. ಹೊಲದ ಯಜಮಾನ ಬೇಡವೆನ್ನುತ್ತಿರಲಿಲ್ಲ; ಬೇಡವೆಂದರೆ ಊರು ಅವನನ್ನು ಆಡಿಕೊಳ್ಳುತ್ತಿತ್ತು. ಹಕ್ಕು ಎಂಬ ಮಾತಿಗೂ ಹಕ್ಕಲು ಎಂಬ ಮಾತಿಗೂ ಸಂಬಂಧವಿಲ್ಲವೆಂದು ಭಾಷಾಪಂಡಿತರು ಹೇಳಿಯಾರು. ಹೇಳಲಿ. ಶಲವಡಿಯ ಮಟ್ಟಿಗೆ ಇವೆರಡೂ ಒಂದೇ ಓಣಿಯಲ್ಲಿ ಬೆಳೆದ ಅಕ್ಕ ತಂಗಿಯರೆಂದೇ ನನ್ನ ನಂಬಿಕೆ.

ಹೀಗೆ ಹಕ್ಕಲು ಆಯುತ್ತಿದ್ದವರಲ್ಲಿ ಒಬ್ಬ ಮುದುಕಿಯಿದ್ದಳು. ಊರಿಗೆಲ್ಲ ಅವಳು ಆಯಿ. ಗಂಡನಿಲ್ಲ, ಮಕ್ಕಳಿಲ್ಲ. ಬಿಸಿಲಲ್ಲಿ ಬಾಗಿ ಬಾಗಿ ಅವಳ ಬೆನ್ನು ಕುಡುಗೋಲಿನಂತಾಗಿತ್ತು. ಒಂದು ಸುಗ್ಗಿಯಲ್ಲಿ ನಮ್ಮವ್ವ ಕನಿಕರಪಟ್ಟು, “ಆಯೀ, ಇಷ್ಟ್ಯಾಕ ತ್ರಾಸ ಮಾಡ್ಕೋತಿ? ಸಂಜೀಕ ಮನೀ ಕಡೆ ಬಾ, ನಾಕ ಸೇರು ಜ್ವಾಳಾ ಹಾಕ್ತೀನಿ” ಎಂದಳು. ಆಯಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗಲು ನೋಡಿ, ಆಗದೆ, ಬಾಗಿದಲ್ಲಿಂದಲೇ ಉತ್ತರ ಕೊಟ್ಟಳು: “ಬ್ಯಾಡ ಬಿಡ ಯವ್ವಾ. ಕೊಟ್ಟದ್ದು ನನಗ ಒಗ್ಗೂದಿಲ್ಲ. ಬಿಟ್ಟದ್ದು ಸಾಕು.”

ಅವ್ವ ಮಾತಾಡಲಿಲ್ಲ. ಆದರೆ ಮರುವರ್ಷ ಕೊಯ್ಲಿನಲ್ಲಿ ಅಪ್ಪ ಆಳುಗಳಿಗೆ, “ನೆಲಾ ಕೆರದು ಆರಿಸಬ್ಯಾಡ್ರೋ, ಬಿದ್ದದ್ದು ಬಿದ್ದಿರಲಿ” ಎಂದು ಕೂಗಿ ಹೇಳಿದ್ದು ನನಗೆ ನೆನಪಿದೆ. ಅವರಿಬ್ಬರ ನಡುವೆ ಏನು ಮಾತಾಗಿತ್ತೋ ಕಾಣೆ.

ಬಹಳ ವರ್ಷಗಳ ಮೇಲೆ ಬೈಬಲಿನ ಹಳೆಯ ಒಡಂಬಡಿಕೆಯನ್ನು ಓದುವಾಗ ನಾನು ನಮ್ಮ ಹೊಲದಲ್ಲಿಯೇ ನಿಂತಿರುವೆನೋ ಎನಿಸಿತು. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆಯನ್ನು ಹಿಂತಿರುಗಿ ಆಯಬೇಡ, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂದು ಅಲ್ಲಿ ವಿಧಿಯಿದೆ. ರೂತಳೆಂಬ ಪರದೇಶದ ವಿಧವೆ ಅತ್ತೆಯ ಹೊಟ್ಟೆಗಾಗಿ ಬೇರೆಯವರ ಹೊಲದಲ್ಲಿ ಹಕ್ಕಲು ಆಯಲು ಹೋಗುತ್ತಾಳೆ. ಹೊಲದ ಒಡೆಯನಾದ ಬೋವಜ ಕೊಯ್ಯುವವರನ್ನು ಕರೆದು, ಸಿವುಡಿನಿಂದ ಬೇಕೆಂತಲೇ ಒಂದಿಷ್ಟು ತೆನೆ ಉದುರಿಸಿ ಬಿಡಿರೆಂದು ಹೇಳುತ್ತಾನೆ. ಕರೆದು ಕೊಟ್ಟಿದ್ದರೆ ಅವಳಿಗೆ ನಾಚಿಕೆ. ಉದುರಿಸಿ ಬಿಟ್ಟರೆ ಅವಳ ದುಡಿಮೆ. ಬೋವಜನಿಗೂ ನಮ್ಮಪ್ಪನಿಗೂ ಪರಿಚಯವಿರುವ ಸಂಭವವಿಲ್ಲ. ಒಕ್ಕಲುತನದ ಬುದ್ಧಿ ಎಲ್ಲ ಕಡೆ ಒಂದೇ ಇರಬೇಕು.

ಕೊನೆಯ ಎರಡು ವರ್ಷ ಆಯಿ ಹೊಲಕ್ಕೆ ಬರಲಾರದಂತಾದಳು. ಈಗ ಬಿಟ್ಟದ್ದನ್ನು ಆಯುವ ಶಕ್ತಿಯಿಲ್ಲ. ಕೊಟ್ಟದ್ದನ್ನು ತಿನ್ನುವ ಮನಸ್ಸಿಲ್ಲ. ಊರಿಗೇ ಇದೊಂದು ಪೇಚಾಯಿತು. ಆಗ ಅವಳ ಮಗ್ಗುಲ ಗುಡಿಸಲಿನ ಹೆಂಗಸು, ತಾನೂ ಕೂಲಿಯವಳೇ, ಸಂಜೆ ಕೆಲಸ ಬಿಟ್ಟು ಬರುವಾಗ ಬುಟ್ಟಿ ಹಿಡಿದು ನಾಲ್ಕು ಮನೆಯ ಮುಂದೆ ನಿಂತು, “ಆಯಿಗೆ ರೊಟ್ಟಿ ನೀಡ್ರೆವ್ವಾ” ಎಂದು ಕೇಳತೊಡಗಿದಳು. ತನಗಾಗಿ ಒಂದು ದಿನವೂ ಕೇಳದವಳು ಇನ್ನೊಬ್ಬಳಿಗಾಗಿ ದಿನವೂ ಕೇಳಿದಳು. ಆಶ್ಚರ್ಯವೆಂದರೆ, ಆಯಿ ಆ ರೊಟ್ಟಿಯನ್ನು ಮಾತಿಲ್ಲದೆ ತಿಂದಳು. ಅವಳು ಪಡಬೇಕಾಗಿದ್ದ ನಾಚಿಕೆಯನ್ನು ಈ ಹೆಂಗಸು ಆಗಲೇ ಬೀದಿಯಲ್ಲಿ ಪಟ್ಟು ಮುಗಿಸಿ ಬಂದಿದ್ದಳು. ಬುಟ್ಟಿಯಲ್ಲಿ ಉಳಿದದ್ದು ಬರಿಯ ರೊಟ್ಟಿ.

ಅಂಥದೇ ಬುಟ್ಟಿಯನ್ನು ನಾನು ಎರಡನೆಯ ಸಲ ಕಂಡದ್ದು ಬೆಂಗಳೂರಿನ ಮಾರುಕಟ್ಟೆಯೊಂದರಲ್ಲಿ. ಬಿಳಿಯ ನಿಲುವಂಗಿ ತೊಟ್ಟ ಇಬ್ಬರು ಕ್ರೈಸ್ತ ಸನ್ಯಾಸಿನಿಯರು ಅಂಗಡಿಯಿಂದ ಅಂಗಡಿಗೆ ಹೋಗಿ ಕಾಯಿಪಲ್ಲೆ ಬೇಡುತ್ತಿದ್ದರು. ಕೊಳ್ಳುವವರ ಗದ್ದಲದಲ್ಲಿ ತಮ್ಮ ಸರದಿ ಬರುವ ತನಕ ಸುಮ್ಮನೆ ನಿಲ್ಲುವರು. “ಇವತ್ತು ಬದನೇಕಾಯಿ ಬಿಟ್ರೆ ಏನೂ ಇಲ್ಲ ಸಿಸ್ಟರ್” ಎಂದ ಒಬ್ಬ. “ಒಳ್ಳೇದೇ ಆಯ್ತಪ್ಪ, ನಮ್ಮ ತಾತಂದಿರಿಗೆ ಹಲ್ಲಿಲ್ಲ” ಎಂದು ಹಿರಿಯಾಕೆ ನಕ್ಕು ಬುಟ್ಟಿ ಒಡ್ಡಿದರು. ವಿಚಾರಿಸಿದಾಗ, ಹೊಸೂರು ರಸ್ತೆಯಲ್ಲಿರುವ ವೃದ್ಧಾಶ್ರಮದವರೆಂದು ತಿಳಿಯಿತು. ಬಡವರ ಕಿರಿಯ ಸೋದರಿಯರು, ಇಂಗ್ಲಿಷಿನಲ್ಲಿ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್, ಎಂಬ ಕಥೋಲಿಕ ಸಂಸ್ಥೆ 1882ರಲ್ಲಿ ಕಲಕತ್ತೆಗೆ ಬಂದು, 1900ರಲ್ಲಿ ಬೆಂಗಳೂರಿನಲ್ಲಿ ಮನೆ ತೆರೆಯಿತು. ಜಾತಿ ಮತ ಕೇಳದೆ, ದಿಕ್ಕಿಲ್ಲದ ಬಡ ಮುದುಕರನ್ನು ಇಟ್ಟುಕೊಂಡು, ಕೊನೆಯ ಉಸಿರಿನವರೆಗೆ ನೋಡಿಕೊಳ್ಳುವುದೇ ಅವರ ಕೆಲಸ.

ಇಂಥ ಕೆಲಸವನ್ನು ಇನ್ನೂ ಅನೇಕರು ಮಾಡುತ್ತಾರೆ. ಇವರ ವಿಶೇಷವಿರುವುದು ಬೇಡುವುದರಲ್ಲಿ. ಅದರ ಮೂಲ ತಿಳಿಯಬೇಕಾದರೆ ಫ್ರಾನ್ಸಿನ ಬ್ರಿಟನಿ ಕಡಲತೀರಕ್ಕೆ ಹೋಗಬೇಕು. ಅಲ್ಲಿ 1792ರಲ್ಲಿ ಹುಟ್ಟಿದ ಜೀನ್ ಜುಗಾನ್ ಎಂಬವಳು ಕಡಲಿಗೆ ಹೋಗಿ ಮರಳದ ನಾವಿಕನೊಬ್ಬನ ಮಗಳು. ಹುಡುಗಿಯಾಗಿದ್ದಾಗಲೇ ಅಡುಗೆಮನೆಯ ಆಳಾದವಳು. 1839ರ ಚಳಿಗಾಲದಲ್ಲಿ, ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ಕುರುಡಿಯೂ ಪಾರ್ಶ್ವವಾಯು ಪೀಡಿತಳೂ ಆದ ಒಬ್ಬ ಮುದುಕಿಯನ್ನು ತನ್ನ ಬಾಡಿಗೆಯ ಕೋಣೆಗೆ ಎತ್ತಿಕೊಂಡು ಬಂದು, ತನ್ನ ಹಾಸಿಗೆಯ ಮೇಲೆ ಮಲಗಿಸಿ, ತಾನು ಅಟ್ಟದ ಮೇಲೆ ಮಲಗಿದಳು. ಒಬ್ಬಳ ಹಿಂದೆ ಇನ್ನೊಬ್ಬಳು ಬಂದಳು. ಬಂದವರಲ್ಲಿ ಹಲವರು ಬೀದಿಯಲ್ಲಿ ಬೇಡಿ ತಿನ್ನುತ್ತಿದ್ದವರು. ಅವರನ್ನು ಮತ್ತೆ ಬೀದಿಗೆ ಕಳಿಸಲು ಜೀನಳಿಗೆ ಮನಸ್ಸಾಗಲಿಲ್ಲ. ನೀವು ಯಾವ ಯಾವ ಮನೆಗೆ ಹೋಗುತ್ತಿದ್ದಿರಿ ಹೇಳಿ, ಇನ್ನು ಮೇಲೆ ನಿಮ್ಮ ಬದಲಿಗೆ ನಾನು ಹೋಗುತ್ತೇನೆ ಎಂದು ಬುಟ್ಟಿ ತೆಗೆದುಕೊಂಡು ಹೊರಟಳು.

ಈ ‘ನಿಮ್ಮ ಬದಲಿಗೆ’ ಎಂಬ ಮಾತನ್ನು ಕೊಂಚ ನಿಂತು ನೋಡಬೇಕು. ಮುದುಕಿಯರಿಗೆ ರೊಟ್ಟಿ ಮೊದಲೂ ಸಿಕ್ಕುತ್ತಿತ್ತು, ಈಗಲೂ ಸಿಕ್ಕಿತು. ಕೊಡುವ ಮನೆಗಳೂ ಅವೇ. ಬದಲಾದದ್ದು ಒಂದೇ: ಅವಮಾನ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಯಿತು. ಒಮ್ಮೆ ಸಿರಿವಂತನೊಬ್ಬ ಸಿಟ್ಟಿಗೆದ್ದು ಅವಳ ಕೆನ್ನೆಗೆ ಹೊಡೆದನಂತೆ. ಈ ಏಟು ನನ್ನ ಪಾಲಿಗಾಯಿತು, ಈಗ ನನ್ನ ಬಡವರ ಪಾಲಿಗೆ ಏನಾದರೂ ಕೊಡಿ ಎಂದು ಆಕೆ ಕೇಳಿದಳೆಂದು ಅವಳ ಮಠದಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ. 1845ರಲ್ಲಿ ಫ್ರೆಂಚ್ ಅಕಾಡೆಮಿ ಅವಳಿಗೆ ಮೂರು ಸಾವಿರ ಫ್ರಾಂಕುಗಳ ಬಹುಮಾನ ಕೊಟ್ಟಿತು. ಆ ಹೊತ್ತಿಗೆ ಸಂಸ್ಥೆಯ ಆಡಳಿತ ಒಬ್ಬ ಪಾದ್ರಿಯ ಕೈ ಸೇರಿತ್ತು. ಆತ ತಾನೇ ಸ್ಥಾಪಕನೆಂದು ಹೇಳಿಕೊಂಡು ಅವಳನ್ನು ಮೂಲೆಗೆ ಸರಿಸಿದ. ಕೊನೆಯ ಇಪ್ಪತ್ತೇಳು ವರ್ಷ ಆಕೆ ಮಠದಲ್ಲಿ ಸಾಮಾನ್ಯ ಸೋದರಿಯಾಗಿದ್ದು, 1879ರಲ್ಲಿ ತೀರಿಕೊಂಡಳು. ಜೊತೆಯಲ್ಲಿದ್ದ ಎಳೆಯರಲ್ಲಿ ಹೆಚ್ಚಿನವರಿಗೆ ಈ ಮುದುಕಿಯೇ ಮನೆಯ ಬುನಾದಿಯೆಂದು ತಿಳಿದಿರಲಿಲ್ಲ. 1890ರಲ್ಲಿ ರೋಮಿನವರು ಆ ಪಾದ್ರಿಯನ್ನು ಅಧಿಕಾರದಿಂದ ತೆಗೆದರು. 2009ರಲ್ಲಿ ಅವಳನ್ನು ಸಂತಳೆಂದು ಸಾರಿದರು. ಸಂತರ ವಿಷಯದಲ್ಲಿ ಕಾಗದಪತ್ರಗಳು ನಿಧಾನವಾಗಿಯೇ ಸಾಗುತ್ತವೆ.

ಆ ಮೂಲೆಯಲ್ಲಿದ್ದಾಗಲೂ ಆಕೆ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದಳು. 1865ರಲ್ಲಿ, ವರ್ಷವರ್ಷವೂ ಬಡ್ಡಿ ತರುವ ನಿಧಿಯನ್ನು ಸಂಸ್ಥೆ ಒಪ್ಪಿಕೊಳ್ಳಬೇಕೇ ಎಂಬ ಪ್ರಶ್ನೆ ಬಂದಾಗ, ಕೂಡದು ಎಂದಳು. ಅಂದಿನಿಂದ ಅವರಿಗೆ ಸ್ಥಿರವಾದ ಆದಾಯವಿಲ್ಲ. ಮನೆಯಲ್ಲಿ ಆಲೂಗಡ್ಡೆ ಮುಗಿದರೆ ಸಂತ ಜೋಸೆಫರ ವಿಗ್ರಹದ ಮುಂದೆ ಒಂದು ಆಲೂಗಡ್ಡೆ ಇಟ್ಟು ನೆನಪು ಮಾಡಿಕೊಡುವುದು ಅವರಲ್ಲಿ ವಾಡಿಕೆ. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ನಗೆಯ ವಿಷಯವಾಗಿ ತೋರಬಹುದು. ನನಗೆ ಇದರಲ್ಲಿ ದೊಡ್ಡ ಜಾಣತನವೇ ಕಾಣುತ್ತದೆ. ಬಡ್ಡಿಯ ಹಣ ಬರುವವನಿಗೆ ನಾಳೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕ್ರಮೇಣ ಅವನು ತನ್ನ ಬಾಗಿಲಿಗೆ ಬಂದವನ ಮುಖವನ್ನೂ ನೋಡುವುದಿಲ್ಲ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ‘ಮುಂದೆ ಹೋಗಮ್ಮ’ ಎನಿಸಿಕೊಂಡು ಬಂದ ಸೋದರಿ ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಯಾವ ಮುದುಕನಿಗೂ ‘ಸಾಕು, ಏಳು’ ಎನ್ನಲಾರಳು. ತುಂಬಿದ ಕೈ ಕೊಡುವ ರೀತಿಯೇ ಬೇರೆ, ಒಡ್ಡಿದ ಕೈ ಕೊಡುವ ರೀತಿಯೇ ಬೇರೆ.

ಹಾಗೆಂದು ಬೇಡುವುದೊಂದೇ ದಾರಿಯೆಂದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ ಹಿಡಿದದ್ದು ಮಾರಾಟದ ದಾರಿ. ಜರ್ಮನಿಯ ಈತ 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದವರು. ಹೋಮಿಯೋಪತಿ ಬಲ್ಲವರು. 1880ರಲ್ಲಿ ಬಡವರಿಗೆ ಔಷಧ ಕೊಡತೊಡಗಿ, ಮುಂದೆ ಅದಕ್ಕೆ ಬಡವರ ಹೋಮಿಯೋಪತಿ ಔಷಧಾಲಯವೆಂದೇ ಹೆಸರಿಟ್ಟರು. ಆ ಔಷಧಗಳನ್ನು ದುಡ್ಡಿದ್ದವರಿಗೆ ಅಂಚೆಯ ಮೂಲಕ ದೇಶದ ಮೂಲೆ ಮೂಲೆಗೆ ಮಾರಿ, ಬಂದ ಹಣದಿಂದ ದುಡ್ಡಿಲ್ಲದವರನ್ನು ನೋಡಿಕೊಂಡರು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯ ಕಟ್ಟಿದರು. ಮುಟ್ಟಿದರೆ ಮೈಲಿಗೆ, ನೋಡಿದರೆ ಅಪಶಕುನ ಎನ್ನುತ್ತಿದ್ದ ಕಾಲ ಅದು. 1910ರಲ್ಲಿ ಅವರು ತೀರಿಕೊಂಡ ಮೇಲೂ ಸಂಸ್ಥೆ ಬೆಳೆದು, 1999ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಊರ ಸಾಹುಕಾರ ತನಗೆ ತಿಳಿಯದಂತೆಯೇ ಕೂಲಿಯವನ ಮದ್ದಿಗೆ ದುಡ್ಡು ತೆತ್ತ ಈ ವ್ಯವಸ್ಥೆಯಲ್ಲಿ ಸಾಹುಕಾರನಿಗೆ ಪುಣ್ಯದ ಗರ್ವವಿಲ್ಲ, ಕೂಲಿಯವನಿಗೆ ಋಣದ ಭಾರವಿಲ್ಲ. ಇದೂ ಒಂದು ಬಗೆಯ ಹಕ್ಕಲೇ.

ಇನ್ನೊಂದು ದಾರಿ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ಫ್ರೆಡರಿಕ್ ಓಜನಾಂ ಎಂಬ ವಿದ್ಯಾರ್ಥಿಗೆ ಎದುರಾಳಿಗಳು, ನಿಮ್ಮ ಧರ್ಮ ಹಿಂದೆ ಏನೋ ಮಾಡಿತು ಸರಿ, ಈಗ ಬಡವರಿಗಾಗಿ ಏನು ಮಾಡುತ್ತಿದೆ ಎಂದು ಸವಾಲು ಹಾಕಿದರು. ಚರ್ಚೆಯಲ್ಲಿ ಉತ್ತರ ಹುಡುಕುವ ಬದಲು ಆತ ನಾಲ್ಕಾರು ಗೆಳೆಯರನ್ನು ಕೂಡಿಸಿಕೊಂಡು ಬಡವರ ಮನೆಗಳಿಗೆ ಹೋಗತೊಡಗಿದ. ಬಡವರ ಮನೆಯೊಳಗೆ ಹೇಗೆ ಕಾಲಿಡಬೇಕು, ಹೇಗೆ ಕೂರಬೇಕು, ಏನು ಮಾತಾಡಬೇಕು ಎಂಬುದನ್ನು ಅವರಿಗೆ ಕಲಿಸಿದವಳು ರೊಸಾಲಿ ಎಂಬ ಸನ್ಯಾಸಿನಿ. ಇಂದಿಗೂ ಆ ಸಭೆಯವರು ಬಡವರನ್ನು ತಮ್ಮ ಕಚೇರಿಗೆ ಕರೆಸಿಕೊಳ್ಳದೆ, ಇಬ್ಬಿಬ್ಬರಾಗಿ ಅವರ ಮನೆಗೇ ಹೋಗುತ್ತಾರೆ. ಕೂಟದಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದು. ನೂರು ರೂಪಾಯಿ ಹಾಕಿದ ಮುಷ್ಟಿಯೂ ಬರಿಯ ಮುಷ್ಟಿಯೂ ಹೊರಗಿನಿಂದ ನೋಡಿದರೆ ಒಂದೇ. ಛತ್ರದ ಬೆಂಚಿನ ಮೇಲೆ, ಗುಡಿಯ ಫರಸಿಕಲ್ಲಿನ ಮೇಲೆ, ಕೊನೆಗೆ ಟ್ಯೂಬ್‌ಲೈಟಿನ ಪಟ್ಟಿಯ ಮೇಲೂ ಹೆಸರು ಬರೆಯಿಸುವ ನಮಗೆ ಆ ಚೀಲದಿಂದ ಕಲಿಯುವುದು ಬಹಳವಿದೆ.

ಇದೆಲ್ಲ ಹೊರಗಿನಿಂದ ಬಂದ ಬುದ್ಧಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಶಲವಡಿಯ ನೆರೆಯ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮದ ಕುರುಡು ಮಕ್ಕಳ ಹೊಟ್ಟೆಗಾಗಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ನಾಟಕ ಆಡಿಸಿದರು, ಊರೂರು ತಿರುಗಿ ಹಾಡಿದರು. ತಾವೇ ಕಣ್ಣಿಲ್ಲದವರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗಾಗಿ ಜೋಳಿಗೆ ಹಿಡಿದರು. ಕಾವಿಯ ಜೋಳಿಗೆಗೂ ಬ್ರಿಟನಿಯ ಬುಟ್ಟಿಗೂ ನೇಯ್ಗೆ ಬೇರೆ, ಒಳಗಿನ ಕಾಳು ಒಂದೇ.

ಇಷ್ಟು ಬರೆದು ನಿಲ್ಲಿಸಿದರೆ, ನಮ್ಮೂರ ಕಟ್ಟೆಯ ಮೇಲೆ ಕುಳಿತವರು ಕೇಳದೆ ಬಿಡಲಾರದ ಒಂದು ಪ್ರಶ್ನೆಗೆ ಬೆನ್ನು ತಿರುಗಿಸಿದಂತಾಗುತ್ತದೆ. “ಅದೆಲ್ಲಾ ಖರೇರಿ, ಆದ್ರ ಇದರ ಹಿಂದ ಮಂದೀನ್ನ ತಮ್ಮ ಮತಕ್ಕ ಎಳಿಯೂ ಹುನ್ನಾರ ಇಲ್ಲೇನು?” ಪ್ರಶ್ನೆ ಬರಿಯ ದ್ವೇಷದಿಂದ ಹುಟ್ಟಿದ್ದೆಂದು ನಾನು ಹೇಳಲಾರೆ. ಬರಗಾಲದಲ್ಲಿ ಅನ್ನ ಕೊಟ್ಟವರ ದೇವರಿಗೆ ಕೈಮುಗಿದವರು ಇದ್ದಾರೆ. ಅವರನ್ನು ‘ಹಾಲಿನಪುಡಿ ಕ್ರೈಸ್ತರು’ ಎಂದು ಹಂಗಿಸಿದವರೂ ಇದ್ದಾರೆ. ಅಮೆರಿಕೆಯ 1954ರ ಕಾನೂನಿನಂತೆ ನಮ್ಮ ದೇಶಕ್ಕೆ ಬಂದ ಗೋಧಿ, ಹಾಲಿನಪುಡಿಗಳಲ್ಲಿ ಒಂದು ಪಾಲನ್ನು ಕಥೋಲಿಕ ಪರಿಹಾರ ಸಂಸ್ಥೆಯೂ ಹಂಚಿತ್ತು. 1962ರಲ್ಲಿ ಇಲ್ಲಿಯ ಧರ್ಮಾಧ್ಯಕ್ಷರು ಕಾರಿತಾಸ್ ಇಂಡಿಯಾ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಆ ಹಾಲನ್ನು ಕುಡಿದವರಲ್ಲಿ ಬಹುಪಾಲು ಜನ ತಮ್ಮ ತಮ್ಮ ದೇವರನ್ನು ಬಿಡದೆಯೇ ಕುಡಿದರು. ಪ್ರೀತಿಯ ಸೇವೆಯನ್ನು ಮತಕ್ಕೆ ಸೆಳೆಯುವ ಉಪಾಯವಾಗಿ ಬಳಸಕೂಡದೆಂದು 2005ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರೇ ತಮ್ಮ ಸಭೆಗೆ ಬರೆದ ಪತ್ರದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಹೇಳಬೇಕಾಗಿ ಬಂತು ಎಂಬುದರಲ್ಲಿಯೇ ಅಪಾಯ ಇತ್ತೆಂಬ ಒಪ್ಪಿಗೆಯೂ ಇದೆ.

ನನ್ನ ಒರೆಗಲ್ಲು ಆಯಿಯ ಮಾತೇ. ಕೊಟ್ಟದ್ದರ ಹಿಂದೆ ಕೊಟ್ಟವನು ನಿಂತಿರುತ್ತಾನೆ: ಧನ್ಯವಾದಕ್ಕಾಗಿ, ಓಟಿಗಾಗಿ, ಮತಕ್ಕಾಗಿ, ಬರಿಯ ಹೊಗಳಿಕೆಗಾಗಿ. ಬಿಟ್ಟದ್ದರ ಹಿಂದೆ ಯಾರೂ ನಿಂತಿರುವುದಿಲ್ಲ. ಈ ಒರೆಗಲ್ಲಿಗೆ ಪಾದ್ರಿಯನ್ನೂ ತಿಕ್ಕಬಹುದು, ಸ್ವಾಮಿಯನ್ನೂ ತಿಕ್ಕಬಹುದು, ಸರ್ಕಾರವನ್ನೂ ತಿಕ್ಕಬಹುದು. ಸ್ಥಳದ ಜನರ ಬುಟ್ಟಿಗೆ ಇನ್ನೊಂದು ಗುಣವೂ ಉಂಟು. ಮದರ್ ತೆರೇಸಾ 1950ರಲ್ಲಿ ಕಟ್ಟಿದ ಸಂಸ್ಥೆಗೆ ಪರದೇಶದ ಹಣ ತರಿಸುವ ಪರವಾನಗಿಯ ನವೀಕರಣವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ನಿರಾಕರಿಸಿ, 2022ರ ಜನವರಿಯಲ್ಲಿ ಮತ್ತೆ ಕೊಟ್ಟಿತು. ಸರಿಯೋ ತಪ್ಪೋ, ದೂರದಿಂದ ಬರುವ ನೀರಿಗೆ ನಡುವೆ ಒಂದು ತೂಬು ಇದ್ದೇ ಇರುತ್ತದೆ. ಮಾರುಕಟ್ಟೆಯ ಬದನೇಕಾಯಿಗೆ ಯಾವ ತೂಬೂ ಇಲ್ಲ. ಅದನ್ನು ಕೊಟ್ಟವನು ಎದುರಿಗೇ ಇರುತ್ತಾನೆ. ಮನಸ್ಸು ಬಂದರೆ ಭಾನುವಾರ ಹೋಗಿ, ತನ್ನ ಬದನೇಕಾಯಿ ಉಂಡವರು ಹೇಗಿದ್ದಾರೆಂದು ಕಣ್ಣಾರೆ ನೋಡಿ ಬರಬಹುದು.

ಈಗ ಶಲವಡಿಯ ಕಡೆಯ ಹೊಲಗಳಿಗೆ ಯಂತ್ರ ಬಂದಿದೆ. ಹಂತಿ ಹೂಡಿ ಎತ್ತು ತುಳಿಸುವ ಕಣಗಳು ಮರೆಯಾಗಿವೆ. ಯಂತ್ರಕ್ಕೆ ಉದುರಿಸುವ ಮನಸ್ಸಿಲ್ಲ. ದುಃಖಿಸಬೇಕಾಗಿಲ್ಲ; ಬಡವರು ಬಿಸಿಲಲ್ಲಿ ಬಾಗುವುದು ತಪ್ಪಿದ್ದು ಒಳ್ಳೆಯದೇ. 2007ರಿಂದ ವೃದ್ಧರಿಗೆ ಸಂಧ್ಯಾ ಸುರಕ್ಷೆಯ ವೇತನ ಬಂತು, 2013ರಿಂದ ಅನ್ನಭಾಗ್ಯದ ಅಕ್ಕಿ ಬಂತು. ಅಕ್ಕಿ ಈಗ ದಾನವಲ್ಲ, ಕಾನೂನಿನಂತೆ ಬರತಕ್ಕ ಹಕ್ಕು. ಆಯಿ ಇದ್ದಿದ್ದರೆ ಇದನ್ನು ಖಂಡಿತ ಒಪ್ಪುತ್ತಿದ್ದಳು. ಆದರೆ ಮಕ್ಕಳು ಹುಬ್ಬಳ್ಳಿಗೋ ಗೋವೆಗೋ ಬೆಂಗಳೂರಿಗೋ ಹೋದ ಮನೆಗಳಲ್ಲಿ, ಅಕ್ಕಿಯ ಚೀಲಕ್ಕೆ ಒರಗಿ ಕುಳಿತ ಮುದುಕರು ಬಹಳವಾಗಿದ್ದಾರೆ. ಅವರಿಗೆ ಬೇಕಾದದ್ದು ಕಾಳಲ್ಲ. ಹಾಸಿಗೆ ಬದಲಿಸುವ ಕೈ, ಮಾತ್ರೆ ತಿಂದೆಯಾ ಎಂದು ಕೇಳುವ ಬಾಯಿ, ಕೇಳಿದ ಕಥೆಯನ್ನೇ ಮತ್ತೆ ಕೇಳುವ ಕಿವಿ. ಇವುಗಳನ್ನು ಯಾವ ಕಾನೂನೂ ಪಡಿತರದಲ್ಲಿ ಹಂಚಲಾರದು. ಹೊಸೂರು ರಸ್ತೆಯ ಆ ಸೋದರಿಯರು ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಬುಟ್ಟಿ ಹಿಡಿದು ಬೇಡುತ್ತಿರುವುದು, ಕೊನೆಗೆ ನೋಡಿದರೆ, ಈ ಕೈ ಬಾಯಿ ಕಿವಿಗಳಿಗೆ ಬಿಡುವು ಕೊಡಿಸಲಿಕ್ಕೇ.

ಪಟ್ಟಣದಲ್ಲಿರುವ ನಮಗೆ ಹೊಲವಿಲ್ಲ, ಉದುರಿಸಿ ಬಿಡಲು ತೆನೆಯಿಲ್ಲ ಎನ್ನಬಹುದು. ಸಂಬಳದಲ್ಲಿ, ಸಮಯದಲ್ಲಿ, ಭಾನುವಾರದ ಮಧ್ಯಾಹ್ನದಲ್ಲಿ ನಮ್ಮಲ್ಲಿಯೂ ಅಂಚುಗಳು ಇವೆ. ಅವನ್ನು ಪೂರ್ತಿ ಕೊಯ್ದುಕೊಳ್ಳದಿದ್ದರೆ ಆಯಿತು. ಮಾರುಕಟ್ಟೆಯಲ್ಲಿ ಯಾರದಾದರೂ ಜೋಳಿಗೆಯೋ ಬುಟ್ಟಿಯೋ ಎದುರಾದರೆ, ಕೈಯಲ್ಲಿದ್ದದ್ದನ್ನು ಅದರಲ್ಲಿ ಹಾಕಿ. ಹಾಕಿದ ಮೇಲೆ ಅಲ್ಲಿಯೇ ನಿಲ್ಲಬೇಡಿ. ನಿಂತರೆ ಅದು ಕೊಟ್ಟದ್ದಾಗುತ್ತದೆ, ನಡೆದುಬಿಟ್ಟರೆ ಬಿಟ್ಟದ್ದಾಗುತ್ತದೆ.